ಕೆ.ವಿ. ಅಯ್ಯರ್: ಡಂಬೆಲ್ ಎತ್ತಿದವರೂ 'ಶಾಂತಲಾ' ಬರೆದವರೂ ಒಬ್ಬರೇನಾ?

ಸಂಜೆ ಓದುಗ

ಮನೆಯಲ್ಲಿ ಒಂದು ಸಣ್ಣ ಜಗಳ. ತೀರ್ಪು ನೀವೇ ಹೇಳಬೇಕು.

ಎರಡು ವಾರದಿಂದ ಹೊಯ್ಸಳ ರಾಣಿಯ ಕಥೆ 'ಶಾಂತಲಾ' ಕಾದಂಬರಿ ಓದುತ್ತಿದ್ದೇನೆ. ಮೊನ್ನೆ ಸೋದರಮಾವ ಬಂದಿದ್ದರು. ಎಪ್ಪತ್ತು ದಾಟಿದೆ. ಈಗಲೂ ಬೆಳಗ್ಗೆ ಎದ್ದ ಕೂಡಲೇ ಬಸ್ಕಿ ಹೊಡೆಯುವ ಆಸಾಮಿ. ಪುಸ್ತಕ ಎತ್ತಿಕೊಂಡು ಲೇಖಕರ ಹೆಸರು ನೋಡಿದರು. "ಅಯ್ಯೋ, ಇವರು ಹರ್ಕ್ಯುಲಿಸ್ ಜಿಮ್ನೇಷಿಯಂ ಅಯ್ಯರ್ ಅಲ್ವೇನೋ!" ಅಂದರು. ಅವರು ಹುಡುಗರಾಗಿದ್ದಾಗ ವ್ಯಾಯಾಮ ಕಲಿಸಿದ ಮೇಷ್ಟ್ರು ದಿನಕ್ಕೊಮ್ಮೆ ಈ ಹೆಸರು ಹೇಳಿ ಕೈಮುಗಿಯುತ್ತಿದ್ದರಂತೆ.

ನಾನು ಒಪ್ಪಲಿಲ್ಲ. "ಮಾವ, ತೋಳು ಉಬ್ಬಿಸುವವರು ಬೇರೆ, ರಾಣಿಯ ನಾಟ್ಯ ವರ್ಣಿಸುವವರು ಬೇರೆ. ಅಯ್ಯರ್ ಅನ್ನೋ ಹೆಸರಿಗೆ ನಮ್ಮಲ್ಲಿ ಬರವೇ?" ಅಂದೆ. ಮಾತು ಬೆಳೆದು ಪಂದ್ಯ ಕಟ್ಟುವ ತನಕ ಹೋಯಿತು. ಇಬ್ಬರೂ ಬೇರೆ ಬೇರೆ ಅಂತಾದರೆ ಮಾವ ಪುಸ್ತಕ ಪೂರ್ತಿ ಓದಬೇಕು. ಅವರು ಜೀವನದಲ್ಲಿ ಕಾದಂಬರಿ ಮುಟ್ಟಿದವರಲ್ಲ. ಒಬ್ಬರೇ ಅಂತಾದರೆ ನಾನು ಒಂದು ತಿಂಗಳು ದಿನಾ ಹನ್ನೆರಡು ಸೂರ್ಯನಮಸ್ಕಾರ ಹಾಕಬೇಕು. ಅದು ನನಗೆ ಕಾದಂಬರಿಗಿಂತ ದೊಡ್ಡ ಶಿಕ್ಷೆ.

ತಿಳಿದವರು ಹೇಳಿ.

---

ಪುಸ್ತಕದ ಹುಳು

ಚಾಪೆ ಹಾಸಿಕೊಳ್ಳಿ. ಸೋತಿರಿ.

ಇಬ್ಬರೂ ಒಬ್ಬರೇ. ಕೋಲಾರದ ವೆಂಕಟೇಶ ಅಯ್ಯರ್. ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಜಿಮ್ನೇಷಿಯಂ ನಡೆಸಿದರು. 1930ರಲ್ಲಿ 'ಮಸಲ್ ಕಲ್ಟ್' ಅಂತ ಇಂಗ್ಲಿಷಿನಲ್ಲಿ ಪುಸ್ತಕ ತಂದರು. 1937ರಲ್ಲಿ ಸೂರ್ಯನಮಸ್ಕಾರದ ಮೇಲೆ ಇನ್ನೊಂದು. ನಿಮ್ಮ ಶಿಕ್ಷೆಗೆ ಸರಿಯಾದ ಪಠ್ಯಪುಸ್ತಕ ಅದು. ಅದೇ ಮನುಷ್ಯ ಕನ್ನಡದಲ್ಲಿ 'ರೂಪದರ್ಶಿ', 'ಶಾಂತಲಾ', 'ಲೀನಾ' ಬರೆದರು. ತೀರಿಕೊಂಡದ್ದು 1980ರಲ್ಲಿ.

ನಿಮಗೆ ಮಾತ್ರ ಹೀಗೆ ಆಗಿರುವುದಲ್ಲ. ನಾನು ಕಾಲೇಜಿನಲ್ಲಿ ಇದ್ದಾಗ 'ರೂಪದರ್ಶಿ' ಓದಿ, ಬರೆದವರು ಯಾರೋ ಸೋಡಾಬುಡ್ಡಿ ಕನ್ನಡಕದ ಸಣಕಲು ಮೇಷ್ಟ್ರು ಇರಬೇಕು ಅಂದುಕೊಂಡಿದ್ದೆ. ಆಮೇಲೆ ಅವರ ಫೋಟೋ ನೋಡಿ ಪುಸ್ತಕ ಕೈಯಿಂದ ಜಾರಿತು.

---

ಪರದೆ ಎಳೆಯುವವ

ಇಬ್ಬರು ಅಯ್ಯರ್ ಅಲ್ಲ, ಮೂವರು. ಮೂರನೆಯವರನ್ನು ಬಿಟ್ಟಿರಿ.

ನಾಟಕದ ಅಯ್ಯರ್ ಇದ್ದಾರಲ್ಲ! ರವಿ ಕಲಾವಿದರು ಅನ್ನುವ ಹವ್ಯಾಸಿ ತಂಡ ಅವರ ನೆರಳಿನಲ್ಲಿ ಬೆಳೆದದ್ದು. ಟಿ.ಪಿ. ಕೈಲಾಸಂ ಅವರ ಆಪ್ತ. ಎಂಥಾ ಜೋಡಿ ನೋಡಿ. ಒಬ್ಬರು ಊಟ ತಿಂಡಿ, ಬೆವರು, ನಿದ್ದೆ ಎಲ್ಲಕ್ಕೂ ಲೆಕ್ಕ ಇಟ್ಟ ಶಿಸ್ತಿನ ಮನುಷ್ಯ. ಇನ್ನೊಬ್ಬರು ಯಾವ ಲೆಕ್ಕಕ್ಕೂ ಸಿಗದ ಕೈಲಾಸಂ. ಲಂಡನ್ನಿನಲ್ಲಿ ಭೂವಿಜ್ಞಾನ ಓದಿ ಬಂದು, ಸರ್ಕಾರಿ ಕೆಲಸ ಬಿಟ್ಟು, ನಾಟಕ ಅಂತ ಅಲೆದವರು.

ಕೈಲಾಸಂ ಕೂತು ಬರೆಯುವ ಪೈಕಿ ಅಲ್ಲ. ತಲೆಯಲ್ಲಿ ನಾಟಕ ಕಟ್ಟಿ ಬಾಯಲ್ಲಿ ಹೇಳುತ್ತಾ ಹೋಗುವವರು. ಒಂದೇ ಉಸಿರಿನಲ್ಲಿ ಎಲ್ಲ ಪಾತ್ರಗಳ ದನಿಯೂ ಅವರದೇ. ಯಾರಾದರೂ ಎದುರು ಕೂತು ಬರೆದುಕೊಳ್ಳಬೇಕು. ಬರೆದುಕೊಳ್ಳುವವರು ಇಲ್ಲದ ದಿನ ಆ ನಾಟಕ ಗಾಳಿಗೆ ಹೋಯಿತು ಅಂತಲೇ ಲೆಕ್ಕ. ಹಾಗೆ ಎಷ್ಟು ಹೋಗಿವೆಯೋ. ಅಯ್ಯರ್ ಬಳಗದಂಥವರು ಹತ್ತಿರ ಇದ್ದದ್ದು ಕನ್ನಡದ ಪುಣ್ಯ. 1946ರಲ್ಲಿ ಕೈಲಾಸಂ ಹೋದ ಮೇಲೆ ಅವರ ನೆನಪುಗಳನ್ನೂ ಅಯ್ಯರ್ ಬರೆದಿಟ್ಟರು.

ನಾನು ಹವ್ಯಾಸಿ ತಂಡದಲ್ಲಿ ಪರದೆ ಎಳೆಯುವುದರಿಂದ ಶುರು ಮಾಡಿದವನು, ಅದಕ್ಕೇ ಈ ಹೆಸರು. ನಮ್ಮ ತಂಡದಲ್ಲಿ ಯಾರಾದರೂ ಹೊಟ್ಟೆ ಬಿಟ್ಟುಕೊಂಡು ಭೀಮನ ಪಾತ್ರ ಕೇಳಿದರೆ ಹಿರಿಯರೊಬ್ಬರು "ಮೊದಲು ಅಯ್ಯರ್ ಮನೆಗೆ ಹೋಗಿ ಬಾರಯ್ಯ" ಅನ್ನುತ್ತಿದ್ದರು. ಅಷ್ಟು ಹೊತ್ತಿಗೆ ಅಯ್ಯರ್ ತೀರಿಕೊಂಡು ವರ್ಷಗಳೇ ಆಗಿದ್ದವು. ಮಾತು ಮಾತ್ರ ಉಳಿದಿತ್ತು.

---

ಸಂಜೆ ಓದುಗ

ಸೋತೆ. ಮಾವನಿಗೆ ಫೋನ್ ಮಾಡಿ ಹೇಳಿದೆ. ಅವರ ನಗು ಇನ್ನೂ ಕಿವಿಯಲ್ಲಿದೆ.

ಆದರೆ ಒಂದು ಮಾತು ತಲೆಗೆ ಹೋಗುತ್ತಿಲ್ಲ. ಇಷ್ಟು ದೂರದ ಎರಡು ಹುಚ್ಚು ಒಂದೇ ಮನುಷ್ಯನಿಗೆ ಹೇಗೆ ಹತ್ತಿತು? ಬೆಳಗ್ಗೆ ಕಬ್ಬಿಣ, ಸಂಜೆ ಬಣ್ಣ. ಅದು ಎರಡು ಜೀವನ ಅಲ್ವಾ?

---

ಡಂಬೆಲ್ ದಾಸ

ದೂರದ್ದು ಅಂತ ನಿಮಗೆ ಅನಿಸುವುದು ಈಗಿನ ಜಿಮ್ ನೋಡಿ. ಈ ವಿದ್ಯೆ ಎಲ್ಲಿಂದ ಬಂತು ಅಂತ ನೋಡಿ, ಅದು ಹುಟ್ಟಿದ್ದೇ ರಂಗದ ಮೇಲೆ.

ಯೂಜೆನ್ ಸ್ಯಾಂಡೋ ಹೆಸರು ಕೇಳಿರುತ್ತೀರಿ. ನಮ್ಮ ಕಡೆ ಗಟ್ಟಿಮುಟ್ಟಾದ ಹುಡುಗನನ್ನು "ಏನು ಸ್ಯಾಂಡೋ ಥರ ಇದ್ದೀಯ" ಅಂತಾರಲ್ಲ, ತೋಳಿಲ್ಲದ ಬನಿಯನ್ನಿಗೂ ಸ್ಯಾಂಡೋ ಅಂತಾರಲ್ಲ, ಅದೇ ಸ್ಯಾಂಡೋ. ಅವನು ಕ್ರೀಡಾಂಗಣದ ಮನುಷ್ಯ ಅಲ್ಲ, ವಿನೋದ ರಂಗಮಂದಿರಗಳ ಮನುಷ್ಯ. 1893ರಲ್ಲಿ ಷಿಕಾಗೋದಲ್ಲಿ ದೊಡ್ಡ ಜಾಗತಿಕ ಮೇಳ ನಡೆದಾಗ ಅಲ್ಲಿನ ರಂಗದ ಮೇಲೆ ನಿಂತು ಹೆಸರು ಮಾಡಿದ. ಭಾರ ಎತ್ತುವುದಕ್ಕಿಂತ ಅವನು ನಿಲ್ಲುವ ಭಂಗಿ ನೋಡಲು ಜನ ಬರುತ್ತಿದ್ದರು. 1901ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ದೇಹದಾರ್ಢ್ಯ ಸ್ಪರ್ಧೆ ಇಟ್ಟ. ಅದು ಸಂಗೀತ ಕಛೇರಿ ನಡೆಯುವ ಜಾಗ! ತೀರ್ಪುಗಾರರಲ್ಲಿ ಒಬ್ಬ ಶಿಲ್ಪಿ, ಇನ್ನೊಬ್ಬರು ಪತ್ತೇದಾರಿ ಕಥೆಗಳ ಆರ್ಥರ್ ಕಾನನ್ ಡಾಯ್ಲ್. ಇವರ ನಡುವೆ ಸ್ಯಾಂಡೋ. ಈಗ ಹೇಳಿ, ಅದು ಕ್ರೀಡೆಯೋ ಕಲೆಯೋ?

1904-05ರಲ್ಲಿ ಅವನು ಭಾರತಕ್ಕೂ ಬಂದು ಪ್ರದರ್ಶನ ಕೊಟ್ಟ. ಆ ಗಾಳಿ ಎಲ್ಲ ಕಡೆ ಬೀಸಿತು. ಅಯ್ಯರ್ ಬೆಳೆದದ್ದು ಅದರ ಬೆನ್ನಲ್ಲೇ. ಅವರ ಪುಸ್ತಕದ ಫೋಟೋಗಳಲ್ಲಿ ಅವರು ಗ್ರೀಕ್ ಪ್ರತಿಮೆ ಹಾಗೆ ನಿಂತಿರುತ್ತಾರೆ. ಈಗಿನವರ ಹಾಗೆ ಹಲ್ಲು ಕಚ್ಚಿ, ನರ ಉಬ್ಬಿಸಿ ಅಲ್ಲ. ಮುಖ ಶಾಂತವಾಗಿರುತ್ತದೆ. ನಾನು ಇಪ್ಪತ್ತು ವರ್ಷದಿಂದ ಕಬ್ಬಿಣ ಎತ್ತುತ್ತಿದ್ದೇನೆ, ಪಟ್ಟು ಹಿಡಿದು ನಿಂತಾಗ ಮುಖ ಶಾಂತವಾಗಿ ಇಟ್ಟುಕೊಳ್ಳುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಹೊಟ್ಟೆಯ ಸ್ನಾಯು ನಡುಗುತ್ತಿರುತ್ತದೆ, ಮುಖ ಏನೂ ಆಗಿಲ್ಲ ಅನ್ನಬೇಕು. ನಟನೆ ಅಂದರೆ ಅದೇ ತಾನೇ?

ಇನ್ನೊಂದು. ಅಯ್ಯರ್ ಅಂಚೆಯಲ್ಲಿ ವ್ಯಾಯಾಮ ಕಲಿಸುತ್ತಿದ್ದರು. ಆ ಕಾಲದಲ್ಲಿ ಅದು ಈಗಿನ ಆನ್‌ಲೈನ್ ಕೋರ್ಸ್ ಇದ್ದ ಹಾಗೆ. ಪಾಠ ಟಪಾಲಿನಲ್ಲಿ ಬರುತ್ತದೆ, ನೀವು ಕೋಣೆ ಬಾಗಿಲು ಹಾಕಿಕೊಂಡು ಮಾಡುತ್ತೀರಿ. ಗರಡಿಗೆ ಹೋಗಲು ನಾಚುವ ಗುಮಾಸ್ತರಿಗೂ ವಿದ್ಯಾರ್ಥಿಗಳಿಗೂ ಇದು ಹೇಳಿ ಮಾಡಿಸಿದ ದಾರಿ.

---

ಮಟ್ಟಿ ಮಣ್ಣು

ಕೊನೆಯ ಸಾಲು ಚುಚ್ಚಿತು. ಕೋಪ ಇಲ್ಲ, ಆದರೂ ಹೇಳಲೇಬೇಕು.

ಗರಡಿಗೆ ಹೋಗಲು ಯಾಕೆ ನಾಚಿಕೆ? ನಾನು ಗರಡಿಯಲ್ಲಿ ಬೆಳೆದವನು. ನಮ್ಮಜ್ಜ ಅಲ್ಲಿ ಉಸ್ತಾದರು. ಕೆಂಪು ಮಣ್ಣಿಗೆ ಎಣ್ಣೆ, ಅರಿಶಿನ, ಕುಂಕುಮ ಬೆರೆಸಿ ಮಟ್ಟಿ ಹದ ಮಾಡುವುದೇ ಒಂದು ವಿದ್ಯೆ. ಮಟ್ಟಿಗೆ ನಮಸ್ಕಾರ ಮಾಡದೆ ಒಳಗೆ ಕಾಲಿಡುವ ಹಾಗಿಲ್ಲ. ಸಾಮು, ಗದೆ, ಕರಲಾಕಟ್ಟೆ, ದಂಡ, ಬಸ್ಕಿ ಎಲ್ಲ ಅಲ್ಲಿತ್ತು. ಸ್ಯಾಂಡೋ ಹುಟ್ಟುವ ಮುಂಚೆಯೇ ಇತ್ತು. ಮೈಸೂರು ದಸರೆಯಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗ ಈಗಲೂ ವಿಜಯದಶಮಿ ದಿನ ಅರಮನೆಯಲ್ಲಿ ನಡೆಯುತ್ತದೆ. ಒಂದು ಹನಿ ರಕ್ತ ಕಂಡರೆ ನಿಲ್ಲಿಸುತ್ತಾರೆ.

ಇದೇ ಗರಡಿಯ ಪೈಲ್ವಾನರು ಊರ ನಾಟಕದಲ್ಲಿ ಭೀಮ, ದುರ್ಯೋಧನ, ಕೀಚಕ ಕಟ್ಟುತ್ತಿದ್ದರು. ನಮ್ಮಜ್ಜನೂ ಕಟ್ಟುತ್ತಿದ್ದರು. ಹಗಲು ಮಟ್ಟಿ, ರಾತ್ರಿ ಅಟ್ಟ. ಮೈಕು ಇಲ್ಲದ ಕಾಲ. ಬಯಲಲ್ಲಿ ಕೂತ ಕೊನೆಯ ಮನುಷ್ಯನಿಗೂ ದನಿ ಮುಟ್ಟಬೇಕು, ಬೆಳಗಿನ ಜಾವದ ತನಕ ಕುಣಿಯಬೇಕು. ಸಾಮು ಮಾಡದ ಮೈಗೆ ಅದು ಆಗುವ ಕೆಲಸವೇ? ಕ್ರೀಡೆ ಮತ್ತು ಕಲೆ ಎರಡನ್ನೂ ಉಸಿರಾಡಿದವರು ಅಂದರೆ ಅವರು. ಪುಸ್ತಕ ಬರೆಯಲಿಲ್ಲ, ಫೋಟೋ ತೆಗೆಸಲಿಲ್ಲ, ಇಂಗ್ಲಿಷ್ ಬರುತ್ತಿರಲಿಲ್ಲ. ಅದಕ್ಕೇ ಅವರ ಬಗ್ಗೆ ಯಾರೂ ಚರ್ಚೆ ಶುರು ಮಾಡಲ್ಲ.

ಅಯ್ಯರ್ ದೊಡ್ಡವರು. ಅದನ್ನು ಅಲ್ಲ ಅನ್ನುತ್ತಿಲ್ಲ. ಅವರು ಮೊದಲಿಗರು ಅನ್ನುವ ಹಾಗೆ ಮಾತಾಡಬೇಡಿ ಅಷ್ಟೆ.

---

ಡಂಬೆಲ್ ದಾಸ

ತಪ್ಪಾಯಿತು. ನಾಚಿಕೆ ಅಂದದ್ದು ಆ ಗುಮಾಸ್ತರ ಮನಸ್ಸಿನ ಬಗ್ಗೆ, ಗರಡಿಯ ಬಗ್ಗೆ ಅಲ್ಲ. ಆದರೆ ನೀವು ಹೇಳಿದ್ದು ಸರಿ. ಓದಿದ ಮನೆಗಳ ಹುಡುಗರಿಗೆ ಮೈ ಬೆಳೆಸುವುದು ಮರ್ಯಾದೆಯ ಕೆಲಸ ಅನಿಸಲು ಇಂಗ್ಲಿಷ್ ಪುಸ್ತಕ, ಗ್ರೀಕ್ ಭಂಗಿ ಬೇಕಾಯಿತು. ಪಕ್ಕದ ಬೀದಿಯ ಗರಡಿ ಸಾಲಲಿಲ್ಲ. ಅಯ್ಯರ್ ಆ ಹುಡುಗರನ್ನು ಹೇಗೋ ಎಬ್ಬಿಸಿದರು.

ಹಾಗಂತ ಅವರು ನಮ್ಮದನ್ನು ಬಿಟ್ಟು ಬರೀ ಅಲ್ಲಿಯದನ್ನು ತಂದವರೂ ಅಲ್ಲ. ಡಂಬೆಲ್ ಜೊತೆ ಸೂರ್ಯನಮಸ್ಕಾರ ಸೇರಿಸಿದರು. ಯೋಗಾಚಾರ್ಯ ಸುಂದರಂ ಜೊತೆ ಸೇರಿ ಪ್ರಾತ್ಯಕ್ಷಿಕೆ ಕೊಡುತ್ತಿದ್ದರು. ಅವರು ಆಸನ, ಇವರು ಸ್ನಾಯು. ಒಂದೇ ವೇದಿಕೆ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಕೃಷ್ಣಮಾಚಾರ್ಯರ ಯೋಗಶಾಲೆ ನಡೆಯುತ್ತಿದ್ದ ಕಾಲಕ್ಕೆ ಅಯ್ಯರ್ ಶಿಷ್ಯರೊಬ್ಬರು ಅಲ್ಲೇ ವ್ಯಾಯಾಮ ಕಲಿಸುತ್ತಿದ್ದರು. ಯೋಗ ಬೇರೆ, ಜಿಮ್ ಬೇರೆ ಅಂತ ಈಗ ನಾವು ಗೋಡೆ ಕಟ್ಟಿದ್ದೇವೆ. ಆಗ ಗೋಡೆ ಇರಲಿಲ್ಲ.

---

ಪುಸ್ತಕದ ಹುಳು

ಮಟ್ಟಿ ಮಣ್ಣು ಅವರ ಮಾತಿಗೆ ನನ್ನದೊಂದು ಒತ್ತಾಸೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ 'ಮಾನಸೋಲ್ಲಾಸ' ಬರೆದ. ಅದರಲ್ಲಿ ರಾಜನ ವಿನೋದಗಳ ಒಂದು ದೊಡ್ಡ ಭಾಗ ಇದೆ. ಕುಸ್ತಿಯೂ ಅಲ್ಲೇ, ಗೀತವೂ ಅಲ್ಲೇ, ವಾದ್ಯ ನೃತ್ಯಗಳೂ ಅಲ್ಲೇ. ಪೈಲ್ವಾನರನ್ನು ಹೇಗೆ ಸಾಕಬೇಕು, ಹೇಗೆ ಪಳಗಿಸಬೇಕು ಅಂತ ವಿವರವಾಗಿ ಹೇಳುವ ಮನುಷ್ಯನೇ ನರ್ತಕಿಯ ಅಡವುಗಳ ಬಗ್ಗೆಯೂ ಹೇಳುತ್ತಾನೆ. ಅವನಿಗೆ ಎರಡೂ ಒಂದೇ ಕಪಾಟಿನ ಸಾಮಾನು.

ತಮಾಷೆ ಏನು ಗೊತ್ತಾ? ಈ ಸೋಮೇಶ್ವರ ನಿಮ್ಮ ಕಾದಂಬರಿಯ ಶಾಂತಲೆಯ ಕಾಲದವನೇ.

---

ಸುಮ್ನೆ ಬಂದವ

ಕ್ರೀಡೆ ಮತ್ತು ಕಲೆ ಅಂದಾಗ ನಮ್ಮ ಬಿ.ಎಸ್. ಚಂದ್ರಶೇಖರ್ ನೆನಪಾದರು. 1971ರಲ್ಲಿ ಓವಲ್ ಮೈದಾನದಲ್ಲಿ 38 ರನ್ನಿಗೆ 6 ವಿಕೆಟ್. ಮುಖೇಶ್ ಹಾಡು ಅಂದರೆ ಪ್ರಾಣ. ಅವರು ಬೌಲಿಂಗ್ ಮಾಡುವಾಗ ಗಾವಸ್ಕರ್ ಬೇಕಂತಲೇ ಮುಖೇಶ್ ಹಾಡು ಗುನುಗುತ್ತಿದ್ದರಂತೆ.

---

ಪರದೆ ಎಳೆಯುವವ

ಅದು ಕೇಳುವ ಪ್ರೀತಿ ಸ್ವಾಮಿ, ಮಾಡುವ ಪ್ರೀತಿ ಬೇರೆ. ಆದರೂ ಬಂದಿರಿ, ಕೂತುಕೊಳ್ಳಿ. ಕ್ರಿಕೆಟ್ ಮಾತ್ರ ಶುರು ಮಾಡಬೇಡಿ, ಈ ಎಳೆ ಅಲ್ಲೇ ಹರಿದು ಹೋಗುತ್ತದೆ.

---

ನೇಪಥ್ಯ

ನಾನು ಒಂದು ತಕರಾರು ಎತ್ತುತ್ತೇನೆ. ಎಲ್ಲರೂ ಹೀಗೆ ವ್ಯಾಯಾಮ ಮಾಡಿದರೆ ನಟನೆಗೆ ಒಳ್ಳೆಯದು ಅಂತ ತಲೆಯಾಡಿಸುತ್ತಿದ್ದೀರಿ. ನನ್ನ ಅನುಭವ ಉಲ್ಟಾ.

ಹದಿನೈದು ವರ್ಷದಿಂದ ಹವ್ಯಾಸಿ ರಂಗಭೂಮಿಯಲ್ಲಿದ್ದೇನೆ. ಒಮ್ಮೆ ಕರ್ಣನ ಪಾತ್ರ ಸಿಕ್ಕಿತು. ಎದೆ ತೋರಿಸಬೇಕಲ್ಲ ಅಂತ ಮೂರು ತಿಂಗಳು ಜಿಮ್‌ಗೆ ಹೋದೆ. ಮೈ ಬಂತು. ದನಿ ಹೋಯಿತು! ಪ್ರದರ್ಶನದ ದಿನ ಮಧ್ಯಾಹ್ನ ಕೂಡ ಹುರುಪಿನಲ್ಲಿ ಭಾರ ಎತ್ತಿ ಬಂದೆ. ಸಂಜೆ ಎರಡನೇ ದೃಶ್ಯದ ಹೊತ್ತಿಗೆ ಗಂಟಲು ಕಟ್ಟಿತು. ಕುತ್ತಿಗೆ ಮರದ ಹಾಗೆ. ಕುಂತಿಯ ಮುಂದೆ ನಿಂತು ಅಳಬೇಕಾದ ಕರ್ಣ ಕಬ್ಬಿಣದ ಬೀರುವಿನ ಹಾಗೆ ನಿಂತಿದ್ದ ಅಂತ ನನ್ನ ಹೆಂಡತಿಯೇ ಹೇಳಿದಳು.

ಆಮೇಲೆ ದನಿ ಕಲಿಸುವವರೊಬ್ಬರು ಕಾರಣ ಬಿಡಿಸಿ ಹೇಳಿದರು. ತುಂಬಾ ಭಾರ ಎತ್ತುವಾಗ ನಾವು ಉಸಿರು ಬಿಗಿ ಹಿಡಿಯುತ್ತೇವೆ. ಗಂಟಲ ಒಳಗಿನ ಧ್ವನಿಪಟಲಗಳು ಗಟ್ಟಿಯಾಗಿ ಮುಚ್ಚಿಕೊಳ್ಳುತ್ತವೆ. ಮಾತಾಡಲು ಬೇಕಾದ್ದು ಸಡಿಲವಾಗಿ ಹರಿಯುವ ಉಸಿರು. ಒಂದು ಕೆಲಸಕ್ಕೆ ಬಾಗಿಲು ಹಾಕಬೇಕು, ಇನ್ನೊಂದಕ್ಕೆ ತೆಗೆಯಬೇಕು. ದಿನಾ ಬಾಗಿಲು ಹಾಕುವುದನ್ನೇ ಕಲಿತ ಮೈ, ಸಂಜೆ ತೆಗಿ ಅಂದರೆ ತೆಗೆಯಲ್ಲ.

ಹಾಗಾಗಿ ಅಯ್ಯರ್ ಜಿಮ್ ಪಕ್ಕದಲ್ಲೇ ನಾಟಕ ಬೆಳೆಯಿತು ಅಂದಾಗ ನನಗೆ ಕುತೂಹಲ. ಅವರು ಇದನ್ನು ಹೇಗೆ ಸಂಭಾಳಿಸಿದರು?

---

ಡಂಬೆಲ್ ದಾಸ

ಒಳ್ಳೆಯ ಪ್ರಶ್ನೆ. ಅವರ ಪದ್ಧತಿಯಲ್ಲೇ ಅರ್ಧ ಉತ್ತರ ಇದೆ ಅಂತ ನನಗೆ ಅನಿಸುತ್ತದೆ.

ಆ ಕಾಲದ ದೇಹದಾರ್ಢ್ಯದಲ್ಲಿ ಎರಡು ದಾರಿ ಇತ್ತು. ಒಂದು, ಭಾರ ಏರಿಸುತ್ತಾ ಹೋಗುವುದು. ಇನ್ನೊಂದು, ಭಾರ ಇಲ್ಲದೆಯೇ ಒಂದೊಂದು ಸ್ನಾಯುವನ್ನು ಬೇರೆ ಬೇರೆಯಾಗಿ ಹಿಡಿಯುವುದು, ಬಿಡುವುದು. ಸ್ನಾಯುವಿನ ಮೇಲೆ ಹತೋಟಿ. ಈ ಎರಡನೇ ವಿದ್ಯೆಯಲ್ಲಿ ಬಿಗಿ ಮಾಡುವುದಕ್ಕಿಂತ ಸಡಿಲ ಬಿಡುವುದು ಕಷ್ಟ. ಬೆನ್ನಿನ ಒಂದು ಸ್ನಾಯು ಎಬ್ಬಿಸಬೇಕಾದರೆ ಉಳಿದ ಎಲ್ಲವೂ ಮಲಗಿರಬೇಕು. ಅದರ ಜೊತೆಗೆ ಸೂರ್ಯನಮಸ್ಕಾರ. ಅಲ್ಲಿ ಒಂದೊಂದು ಚಲನೆಗೂ ಉಸಿರು ಗಂಟು ಹಾಕಿದೆ. ಬಾಗಿದರೆ ಬಿಡು, ಎದ್ದರೆ ಎಳೆ. ಉಸಿರು ಕಟ್ಟಿ ಹನ್ನೆರಡು ಹಾಕಿ ನೋಡಿ, ನಾಲ್ಕನೆಯದಕ್ಕೆ ಕೂತುಬಿಡುತ್ತೀರಿ.

ನೀವು ಮೂರು ತಿಂಗಳಲ್ಲಿ ಎದೆ ಬೆಳೆಸಲು ಹೋದಿರಿ. ಆತುರದ ಎದೆ. ಇದು ಬೇರೆ ಜಾತಿಯ ಅಭ್ಯಾಸ. ನಟನಿಗೆ ಬೇಕಾದ್ದು ಈ ಎರಡನೆಯದು.

---

ನೇಪಥ್ಯ

ಆತುರದ ಎದೆ! ಇದನ್ನು ನಮ್ಮ ತಂಡದ ಗೋಡೆಗೆ ಬರೆಸುತ್ತೇನೆ.

---

ಶಿಲೆ ನೋಡುವವಳು

ಇಷ್ಟು ಹೊತ್ತು ಓದುತ್ತಾ ಇದ್ದೆ. ನಾನು ಭರತನಾಟ್ಯ ಕಲಿಸುತ್ತೇನೆ. ಅಯ್ಯರ್ ಕಾದಂಬರಿಗಳನ್ನು ಓದಿದ್ದೇನೆ, ಅವರ ಫೋಟೋಗಳನ್ನೂ ನೋಡಿದ್ದೇನೆ. ಜಿಮ್ ಒಂದು ಕಡೆ, ಬರವಣಿಗೆ ಇನ್ನೊಂದು ಕಡೆ ಅಂತ ನನಗೆ ಯಾವತ್ತೂ ಅನಿಸಿಲ್ಲ.

'ರೂಪದರ್ಶಿ' ಕಥೆ ಏನು? ಒಬ್ಬ ಚಿತ್ರಕಾರ ಬಾಲ ಯೇಸುವಿನ ಚಿತ್ರಕ್ಕೆ ಮುಗ್ಧ ಮುಖ ಹುಡುಕುತ್ತಾನೆ. ಒಬ್ಬ ಹುಡುಗ ಸಿಗುತ್ತಾನೆ. ವರ್ಷಗಳಾದ ಮೇಲೆ ದ್ರೋಹಿ ಜುದಾಸನ ಚಿತ್ರಕ್ಕೆ ಕೆಟ್ಟು ಹೋದ ಮುಖ ಬೇಕಾಗುತ್ತದೆ. ಸಿಕ್ಕವನು ಅದೇ ಹುಡುಗ. ನಾವೆಲ್ಲ ಇದನ್ನು ಬದುಕು ಮನುಷ್ಯನನ್ನು ಹೇಗೆ ಬದಲಿಸುತ್ತದೆ ಅನ್ನುವ ಕಥೆ ಅಂತ ಓದುತ್ತೇವೆ. ಆದರೆ ಬರೆದವರು ಯಾರು ಅಂತ ನೆನಪಿಟ್ಟುಕೊಂಡು ಓದಿ. ಕ್ಯಾಮೆರಾ ಮುಂದೆ ತಾನೇ ರೂಪದರ್ಶಿಯಾಗಿ ನಿಂತವರು. ತನ್ನ ಮೈಯನ್ನು ಇನ್ನೊಬ್ಬರ ಕಣ್ಣಿಗೆ ಕೊಟ್ಟು ಅಲುಗಾಡದೆ ನಿಲ್ಲುವುದು ಏನು ಅಂತ ಒಳಗಿನಿಂದ ಗೊತ್ತಿದ್ದವರು. ದಿನಾ ಕನ್ನಡಿ ಮುಂದೆ ನಿಂತು ಮೈಯ ಲೆಕ್ಕ ತೆಗೆದುಕೊಂಡ ಮನುಷ್ಯನಿಗೆ ಮುಖದ ಮೇಲೆ ಬದುಕು ಹೇಗೆ ಬರೆಯುತ್ತದೆ ಅನ್ನುವುದು ಬರೀ ಊಹೆ ಆಗಿರಲಿಕ್ಕಿಲ್ಲ.

ಶಾಂತಲೆಯನ್ನು ಆರಿಸಿಕೊಂಡದ್ದೂ ಹಾಗೇ. ರಾಣಿಯರು ಬೇಕಾದಷ್ಟಿದ್ದರು. ಇವರು ಹಿಡಿದದ್ದು ನಾಟ್ಯದಲ್ಲಿ ಹೆಸರಾದವಳನ್ನು. ಅವಳ ಗಂಡ ವಿಷ್ಣುವರ್ಧನನ ಕಾಲದಲ್ಲೇ, 1117ರಲ್ಲಿ, ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆಯಾಯಿತು. 1123ರಲ್ಲಿ ಶ್ರವಣಬೆಳಗೊಳದಲ್ಲಿ ಅವಳು ಸವತಿ ಗಂಧವಾರಣ ಬಸದಿ ಕಟ್ಟಿಸಿದಳು. ಗಂಡ ವೈಷ್ಣವ, ಅವಳು ಜೈನಳು. ಬೇಲೂರಿನ ಮದನಿಕೆಯರ ಮುಂದೆ ನಿಂತು ನೋಡಿ. ಭಾರ ಒಂದು ಕಾಲಿನ ಮೇಲೆ, ಸೊಂಟ ಒಂದು ಕಡೆ, ಭುಜ ಇನ್ನೊಂದು ಕಡೆ. ನಾವು ತ್ರಿಭಂಗಿ ಅನ್ನುತ್ತೇವೆ. ಗ್ರೀಕ್ ಪ್ರತಿಮೆಗಳೂ ಭಾರವನ್ನು ಒಂದೇ ಕಾಲಿಗೆ ಕೊಟ್ಟು ನಿಲ್ಲುತ್ತವೆ, ಬಾಗು ಸ್ವಲ್ಪ ಕಡಿಮೆ ಅಷ್ಟೆ. ಅಯ್ಯರ್ ಫೋಟೋದಲ್ಲೂ ಅದೇ ನಿಲುವು ಕಾಣುತ್ತದೆ. ನನ್ನ ವಿದ್ಯಾರ್ಥಿನಿಯರಿಗೆ ಆ ಫೋಟೋ ತೋರಿಸಿದ್ದೇನೆ. ಮೊದಲು ಕಿಸಕ್ ಅಂತ ನಕ್ಕರು. ಆಮೇಲೆ ಒಬ್ಬಳು ಎದ್ದು ಬಂದು ಕಾಲಿನ ಭಾರ ಎಲ್ಲಿದೆ ಅಂತ ಬೆರಳಿಟ್ಟು ತೋರಿಸಿದಳು.

ಸಂಜೆ ಓದುಗರೇ, ನೀವು ಎರಡು ಜೀವನ ಅಂದಿರಿ. ನನಗೆ ಕಾಣುವುದು ಒಂದೇ. ಮೈಗೆ ಮಾತು ಕಲಿಸುವ ಕೆಲಸ.

---

ಮಟ್ಟಿ ಮಣ್ಣು

ಈ ಅಕ್ಕ ಹೇಳಿದ್ದು ನಮ್ಮಜ್ಜನಿಗೆ ಅರ್ಥ ಆಗುತ್ತಿತ್ತು. ಹೊಸ ಹುಡುಗ ಗರಡಿಗೆ ಬಂದರೆ ಮೊದಲ ವಾರ ಪಟ್ಟು ಕಲಿಸುತ್ತಿರಲಿಲ್ಲ. ಬರೀ ನಿಲ್ಲುವುದು. "ಮೊದ್ಲು ನಿಂತ್ಕೊಳೋದ್ ಕಲಿ" ಅನ್ನೋರು. ನಾಟಕದ ಅಭ್ಯಾಸದಲ್ಲೂ ಅದೇ ಮಾತು. ಮಾತು ಬಾಯಿಪಾಠ ಆಗಿದ್ದರೂ ಗದೆ ಹಿಡಿದು ನಿಲ್ಲಲು ಬರದಿದ್ದರೆ ಪಾತ್ರ ಕೊಡುತ್ತಿರಲಿಲ್ಲ.

---

ಅನುಮಾನಿ

ಒಂದು ನೇರ ಪ್ರಶ್ನೆ. ದೇಹದಾರ್ಢ್ಯ ಕ್ರೀಡೆಯೇ? ಓಟ ಇಲ್ಲ, ಚೆಂಡು ಇಲ್ಲ, ಎದುರಾಳಿ ಇಲ್ಲ. ಕನ್ನಡಿ ಒಂದೇ. ನನಗೆ ಅದು ತನ್ನನ್ನು ತಾನೇ ಮೆಚ್ಚಿಕೊಳ್ಳುವ ಕೆಲಸ ಅನಿಸುತ್ತದೆ. ಅಯ್ಯರ್ ಪುಸ್ತಕದ ತುಂಬಾ ಅವರದೇ ಫೋಟೋ ಅಂತೀರಿ.

---

ಪರದೆ ಎಳೆಯುವವ

ಕನ್ನಡಿ ಮುಂದೆ ನಿಲ್ಲದ ನಟ ಯಾರಪ್ಪಾ? ಮೆಚ್ಚಿಕೊಳ್ಳುವಿಕೆ ಸ್ವಲ್ಪ ಇತ್ತು, ಒಪ್ಪುತ್ತೇನೆ. ಬೇರೆಯವರ ಮೈ ಮಾದರಿ ಅಂತ ತೋರಿಸಲು ಆ ಕಾಲದಲ್ಲಿ ಅವರಿಗೆ ಇನ್ಯಾರು ಸಿಗುತ್ತಿದ್ದರು ಅನ್ನುವುದೂ ಇದೆ.

ಆದರೆ ನಿಮ್ಮ ಪ್ರಶ್ನೆಯ ಒಳಗೆ ಇನ್ನೊಂದು ಪ್ರಶ್ನೆ ಇದೆ. ಮೈ ಬೆಳೆಸುವುದು ಯಾಕೆ? ಇದನ್ನು ಕೇಳಿದವರು ಅವರ ಗೆಳೆಯ ಕೈಲಾಸಂ.

'ಟೊಳ್ಳುಗಟ್ಟಿ' ನೆನಪಿದೆಯಾ? ಇಬ್ಬರು ಮಕ್ಕಳು. ಒಬ್ಬ ಪುಸ್ತಕದಿಂದ ತಲೆ ಎತ್ತದವನು, ಪರೀಕ್ಷೆಯ ವೀರ. ಇನ್ನೊಬ್ಬ ಓದಿನಲ್ಲಿ ಹಿಂದೆ, ಕೈಕಾಲಿನಲ್ಲಿ ಮುಂದೆ. ಅಪ್ಪನ ಪ್ರೀತಿ ಮೊದಲನೆಯವನಿಗೆ. ಮನೆಗೆ ಬೆಂಕಿ ಬಿದ್ದ ದಿನ ಒಳಗೆ ನುಗ್ಗುವವನು ಎರಡನೆಯವನು. 'ಪೋಲಿ ಕಿಟ್ಟಿ'ಯಲ್ಲಿ ಊರಿಗೆಲ್ಲ ಪೋಲಿ ಅನಿಸಿಕೊಂಡ ಹುಡುಗ ಸ್ಕೌಟ್ ಆಗುತ್ತಾನೆ.

ಇನ್ನು ಏಕಲವ್ಯನ ಮೇಲೆ ಕೈಲಾಸಂ ಇಂಗ್ಲಿಷಿನಲ್ಲಿ ಬರೆದ ನಾಟಕ. ಅರ್ಜುನನಿಗೆ ಬಿಲ್ವಿದ್ಯೆ ಬೇಕು, ಯಾಕೆ? ಲೋಕದಲ್ಲೇ ದೊಡ್ಡ ಬಿಲ್ಲುಗಾರ ಆಗಬೇಕು. ಏಕಲವ್ಯನಿಗೂ ಬೇಕು, ಯಾಕೆ? ಕಾಡಿನ ಜಿಂಕೆಮರಿಗಳನ್ನು ತೋಳಗಳಿಂದ ಉಳಿಸಬೇಕು. ಬಿಲ್ಲು ಒಂದೇ, ಬಾಣ ಒಂದೇ, ಅಭ್ಯಾಸವೂ ಒಂದೇ. ನಾನು ಆ ನಾಟಕ ಓದಿದ್ದು ಮೂವತ್ತು ವರ್ಷದ ಹಿಂದೆ. ಆಮೇಲೆ ಯಾವ ಆಟಗಾರನನ್ನು ನೋಡಿದರೂ ಇವನು ಅರ್ಜುನನ ಪೈಕಿಯೋ ಏಕಲವ್ಯನ ಪೈಕಿಯೋ ಅಂತ ಮನಸ್ಸು ಕೇಳುತ್ತದೆ. ಅಯ್ಯರ್ ಪೋಸ್ ಕೊಟ್ಟಾಗ ಅರ್ಜುನ. ಕಲಿಸಲು ನಿಂತಾಗ, ನಾಟಕದವರಿಗೆ ನೆರಳು ಕೊಟ್ಟಾಗ ಏಕಲವ್ಯ. ಒಬ್ಬರೊಳಗೆ ಇಬ್ಬರೂ ಇರಬಹುದು ಅಲ್ವಾ? ಕೈಲಾಸಂ ಹೀಗೆ ಒಪ್ಪುತ್ತಿದ್ದರೋ ಇಲ್ಲವೋ, ಇದು ನನ್ನ ಸ್ವಂತ ಕಿತಾಪತಿ.

---

ಅನುಮಾನಿ

ಹೂಂ. ಅನುಮಾನ ಪೂರ್ತಿ ಹೋಗಿಲ್ಲ. ಆದರೆ ಆ ನಾಟಕ ಹುಡುಕಿ ಓದುತ್ತೇನೆ.

---

ಪುಸ್ತಕದ ಹುಳು

'ರೂಪದರ್ಶಿ' ಮೊದಲು ಓದಿ, ಚಿಕ್ಕದು. ಸಂಜೆ ಓದುಗರೇ, ಶಿಕ್ಷೆ ಎಲ್ಲಿಗೆ ಬಂತು? ಸುದ್ದಿಯೇ ಇಲ್ಲ.

---

ಸಂಜೆ ಓದುಗ

ಇವತ್ತಿಗೆ ಒಂಬತ್ತನೇ ದಿನ. ಮೊದಲ ದಿನ ಐದಕ್ಕೇ ಕೂತೆ. ಡಂಬೆಲ್ ದಾಸರು ಬೇಡ ಅಂದ ಹಾಗೆಯೇ ಉಸಿರು ಕಟ್ಟಿಕೊಂಡು ಮಾಡುತ್ತಿದ್ದೆ. ಬಿಡುತ್ತಾ ಬಾಗಿದರೆ ನಿಜವಾಗ್ಲೂ ಸಲೀಸು. ಈಗ ಹನ್ನೆರಡು ಮುಗಿಯುತ್ತವೆ. ಮುಗಿದ ಮೇಲೆ ಮಾತ್ರ ಅರ್ಧ ಗಂಟೆ ಯಾರೂ ಮಾತಾಡಿಸಬಾರದು.

ಮಾವನ ಜೊತೆ ಹೊಸ ತಂಟೆ ಬೇರೆ. ಒಂದು ನಮಸ್ಕಾರಕ್ಕೆ ಹತ್ತು ಸ್ಥಿತಿಯೋ ಹನ್ನೆರಡೋ ಅಂತ.

---

ಡಂಬೆಲ್ ದಾಸ

ಈಗ ಎಲ್ಲ ಕಡೆ ಹನ್ನೆರಡು ಎಣಿಸುತ್ತಾರೆ. ಆದರೆ 1920ರ ದಶಕದಲ್ಲಿ ಸೂರ್ಯನಮಸ್ಕಾರವನ್ನು ವ್ಯಾಯಾಮವಾಗಿ ಮನೆಮನೆಗೆ ತಂದ ಔಂಧ್ ಸಂಸ್ಥಾನದ ರಾಜ ಭವಾನರಾವ್ ಪಂತ ಪ್ರತಿನಿಧಿ ಎಣಿಸಿದ್ದು ಹತ್ತು. ನಿಮ್ಮ ಮಾವ ಹತ್ತು ಅಂದರೆ ಅವರು ಹಳೆ ಪಾಠದವರು, ಹೆದರಿಕೊಳ್ಳಿ.

---

ಸಂಜೆ ಓದುಗ

ಹತ್ತೇ ಅಂದರು. ಹೆದರಿಕೊಂಡೆ.

ನೀವೆಲ್ಲ ಬರೆದದ್ದನ್ನು ಮಾವನಿಗೆ ಓದಿ ಹೇಳಿದೆ. ಗರಡಿಯ ಅಜ್ಜನ ಮಾತಿಗೆ ತಲೆದೂಗಿದರು. ಮೇಡಂ ಅವರ ತ್ರಿಭಂಗಿಯ ಮಾತು ಬಂದಾಗ ಎದ್ದು ನಿಂತು ತಾವೇ ಪ್ರಯತ್ನ ಮಾಡಿದರು. ಅದನ್ನು ಇಲ್ಲಿ ವರ್ಣಿಸಿದರೆ ಇನ್ನೊಂದು ಶಿಕ್ಷೆ ಬೀಳುತ್ತದೆ, ಬೇಡ.

ಪಂದ್ಯ ಗೆದ್ದವರು ಪುಸ್ತಕ ಓದಬೇಕಾಗಿರಲಿಲ್ಲ. ಆದರೂ ಮೂರು ದಿನದಿಂದ ನನ್ನ 'ಶಾಂತಲಾ' ಅವರ ಕೈಯಲ್ಲಿದೆ. ನಾನು ಎಲ್ಲಿ ಓದಿ ನಿಲ್ಲಿಸಿದ್ದೆನೋ ಅಲ್ಲಿಟ್ಟಿದ್ದ ಚೀಟಿಯನ್ನು ಕಿತ್ತೆಸೆದು ತಮ್ಮ ಕನ್ನಡಕದ ಬಟ್ಟೆ ಇಟ್ಟಿದ್ದಾರೆ. ಬೆಳಗ್ಗೆ ನಾನು ಚಾಪೆ ಮೇಲೆ ಬಾಗಿದ್ದಾಗ ಅವರು ಕುರ್ಚಿಯಲ್ಲಿ ಓದುತ್ತಿದ್ದರು. ಪುಟದಿಂದ ಕಣ್ಣು ಎತ್ತದೆಯೇ ಹೇಳಿದರು:

"ಏಳು. ಮೊಣಕಾಲು ಬಗ್ಗಿತು. ಇನ್ನೊಂದ್ಸಲ."